ನೀರು ಬಂದ ದಿನ ಫಿಲ್ಟರ್ ತೊಳೆದೆ, ಈಗ ಮೀನು ಮೇಲೆ ಬಂದು ಬಾಯಿ ಬಿಡುತ್ತಿವೆ

ವಿದ್ಯಾನಗರ ಟ್ಯಾಂಕ್ | ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ವಿದ್ಯಾನಗರದಿಂದ ಬರೆಯುತ್ತಿದ್ದೇನೆ. ಗಾಬರಿಯಲ್ಲಿ ಇದ್ದೇನೆ, ಉದ್ದ ಆದರೆ ಬೇಜಾರಾಗಬೇಡಿ.

ಟ್ಯಾಂಕ್ ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಎರಡು ವರ್ಷದಿಂದ ಚೆನ್ನಾಗಿ ನಡೆದಿತ್ತು. ಐದು ಗೋಲ್ಡ್ ಫಿಶ್ ಇದ್ದವು. ಇವತ್ತು ಬೆಳಿಗ್ಗೆ ಒಂದು ಹೋಯಿತು. ಉಳಿದ ನಾಲ್ಕೂ ನೀರಿನ ಮೇಲೆ ಬಂದು ಬಾಯಿ ಬಿಡುತ್ತಿವೆ. ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿದೆ.

ನಮ್ಮ ಓಣಿಗೆ ಆರು ದಿನ ಆದ ಮೇಲೆ ಗುರುವಾರ ನೀರು ಬಂತು. ನೀರು ಬಂದ ದಿನ ಮನೆಯಲ್ಲಿ ತೊಳೆಯುವುದೇ ಕೆಲಸ ಅಲ್ವಾ. ಚಾದರ, ಸಿಂಟೆಕ್ಸ್, ಅಂಗಳ ಎಲ್ಲಾ. ಅದೇ ಭರದಲ್ಲಿ ಮೀನಿನ ಟ್ಯಾಂಕನ್ನೂ ಹಿಡಿದೆ. ಮುಕ್ಕಾಲು ನೀರು ತೆಗೆದೆ. ಫಿಲ್ಟರ್ ಬಿಚ್ಚಿ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ರಾಡಿ ಪೂರ್ತಿ ಹೋಗುವವರೆಗೆ ಹಿಂಡಿದೆ. ಸೆರಾಮಿಕ್ ರಿಂಗುಗಳನ್ನು ಬ್ರಷ್ ಹಾಕಿ ಉಜ್ಜಿದೆ. ಕೆಳಗಿನ ಹರಳನ್ನೂ ತೊಳೆದೆ. ಹೊಸ ನೀರು ತುಂಬಿದ ಮೇಲೆ ಗಾಜು ಫಳಫಳ ಹೊಳೆಯಿತು. ಎರಡು ದಿನಕ್ಕೆ ಹೀಗಾಗಿದೆ.

ಇನ್ನೊಂದು ತೊಂದರೆ. ಫಿಲ್ಟರ್ ಮೊದಲು ಸದ್ದೇ ಮಾಡುತ್ತಿರಲಿಲ್ಲ. ತೊಳೆದ ದಿನದಿಂದ ಗರಗರ ಅನ್ನುತ್ತಿದೆ, ನೀರು ಸಣ್ಣಗೆ ಬರುತ್ತಿದೆ. ಒಳಗೆ ಮುಳುಗಿಸುವ ಜಾತಿಯದು, ಡಬ್ಬದ ಮೇಲೆ ಗಂಟೆಗೆ 800 ಲೀಟರ್ ಅಂತ ಇದೆ. ಅಂಗಡಿಯವರು ಹೊಸ ಫಿಲ್ಟರ್ ತೆಗೆದುಕೊಳ್ಳಿ ಅಂದರು. ಮಗಳು ಟ್ಯಾಂಕಿನ ಮುಂದೆ ಕೂತು ಏಳುತ್ತಿಲ್ಲ. ದಯವಿಟ್ಟು ದಾರಿ ಹೇಳಿ.

ಸಾಧನಕೇರಿ ಕಾಕಾ | ಶನಿವಾರ, ರಾತ್ರಿ 9:25

ತಮ್ಮಾ, ಮೊದಲು ಇವತ್ತು ರಾತ್ರಿ ಮೀನು ಉಳಿಯಬೇಕು. ಕಾರಣ ಆಮೇಲೆ ಮಾತಾಡೋಣ.

ಊಟ ಪೂರ್ತಿ ನಿಲ್ಲಿಸು. ಗೋಲ್ಡ್ ಫಿಶ್ ಮೂರು ನಾಲ್ಕು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಫಿಲ್ಟರಿನ ಬಾಯಿಯನ್ನು ನೀರಿನ ಮಟ್ಟಕ್ಕೆ ಎತ್ತು, ಮೇಲಿನ ನೀರು ಕದಡಬೇಕು. ಏರ್ ಪಂಪ್ ಇದ್ದರೆ ಈಗಲೇ ಹಚ್ಚು. ನೀರು ಬೆಳ್ಳಗಾಗಿದೆ ಅಂದರೆ ನೀರಿನಲ್ಲಿ ಬೇರೆ ಬ್ಯಾಕ್ಟೀರಿಯಾ ಒಮ್ಮೆಲೇ ಬೆಳೆದಿವೆ, ಅವೂ ಆಮ್ಲಜನಕ ತಿನ್ನುತ್ತವೆ. ಈ ಏಪ್ರಿಲ್ ಸೆಕೆಯಲ್ಲಿ ನೀರಿನಲ್ಲಿ ಇರುವ ಆಮ್ಲಜನಕವೇ ಕಡಿಮೆ.

ಆಮೇಲೆ ಮೂರರಲ್ಲಿ ಒಂದು ಪಾಲು ನೀರು ಬದಲಿಸು. ಯಾವ ನೀರು ಹಾಕುತ್ತೀ, ಅದನ್ನು ಮೊದಲು ಹೇಳು. ಕ್ಲೋರಿನ್ ತೆಗೆಯುವ ಹನಿ ಮನೆಯಲ್ಲಿ ಇದೆಯೇ?

ವಿದ್ಯಾನಗರ ಟ್ಯಾಂಕ್ | ಶನಿವಾರ, ರಾತ್ರಿ 9:40

ಇದೆ ಕಾಕಾ, ಸಣ್ಣ ಬಾಟ್ಲಿ. ಮೀನು ತಂದಾಗ ಕೊಟ್ಟಿದ್ದರು, ಗುರುವಾರ ಹಾಕಲಿಲ್ಲ. ಸಿಂಟೆಕ್ಸಿನಲ್ಲಿ ಗುರುವಾರದ್ದೇ ನೀರು ಇದೆ. ಏರ್ ಪಂಪ್ ಅಟ್ಟದ ಮೇಲೆ ಇತ್ತು, ಹಚ್ಚಿದೆ.

ಸಾಧನಕೇರಿ ಕಾಕಾ | ಶನಿವಾರ, ರಾತ್ರಿ 9:46

ಸಾಕು. ಎರಡು ದಿನ ನಿಂತ ನೀರಿನಲ್ಲಿ ಕ್ಲೋರಿನ್ ಬಹಳ ಮಟ್ಟಿಗೆ ಹೋಗಿರುತ್ತದೆ, ಆದರೂ ಬಾಟ್ಲಿಯ ಮೇಲೆ ಬರೆದ ಲೆಕ್ಕಕ್ಕೆ ಹನಿ ಹಾಕು. ಬಕೆಟ್‌ಗೆ ಹಾಕಿ ಕಲಕಿ, ಆಮೇಲೆ ಟ್ಯಾಂಕಿಗೆ ನಿಧಾನ ಸುರಿ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡು. ಕೆಳಗೆ ಇಟ್ಟರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಬಂದು ಪಂಪಿನೊಳಗೆ ಇಳಿಯುತ್ತದೆ. ಬೆಳಿಗ್ಗೆ ಅಮೋನಿಯಾ ನೋಡುವ ಕಿಟ್ ತಂದು ಅಂಕಿ ಇಲ್ಲಿ ಹಾಕು.

ಕೆಮಿಸ್ಟ್ರಿ ಧಾರವಾಡ | ಶನಿವಾರ, ರಾತ್ರಿ 10:30

ಕಾಕಾ ಹೇಳಿದ್ದನ್ನು ಮಾಡುತ್ತಾ ಇರಿ. ಕಾರಣ ನಾನು ಬರೆಯುತ್ತೇನೆ, ಯಾಕೆಂದರೆ ಇದೇ ತಪ್ಪು ನಮ್ಮ ಅವಳಿ ನಗರದಲ್ಲಿ ಬಹಳ ಮನೆಗಳಲ್ಲಿ ಆಗುತ್ತದೆ.

ಮೀನು ಉಸಿರಾಡುವ ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಹಿಕ್ಕೆ, ಉಳಿದ ಊಟ ಕೊಳೆತರೂ ಅಮೋನಿಯಾ. ಅದು ವಿಷ. ಸ್ಪಂಜಿನಲ್ಲಿ, ರಿಂಗಿನಲ್ಲಿ, ಹರಳಿನ ಮೇಲೆ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತವೆ. ನೈಟ್ರೈಟೂ ವಿಷವೇ. ಅದನ್ನು ಇನ್ನೊಂದು ಜಾತಿ ತಿಂದು ನೈಟ್ರೇಟ್ ಮಾಡುತ್ತದೆ, ಅದರಿಂದ ಅಷ್ಟು ತೊಂದರೆ ಇಲ್ಲ. ನೈಟ್ರೋಸೋಮೋನಾಸ್, ನೈಟ್ರೋಸ್ಪೈರಾ ಅಂತ ಓದಿರಬಹುದು, ಅವೇ ಇವು. ನೀವು ರಾಡಿ ಅಂತ ಹಿಂಡಿ ತೆಗೆದಿದ್ದರಲ್ಲಿ ಇವೂ ಹೋದವು.

ಹಿಂಡಿದರೂ ಸ್ವಲ್ಪ ಉಳಿಯುತ್ತಿತ್ತು. ಉಳಿದದ್ದನ್ನು ಕೊಂದಿದ್ದು ನಲ್ಲಿ ನೀರು. ನಮಗೆ ಬರುವುದು ಮಲಪ್ರಭೆ ನೀರು, ಸವದತ್ತಿಯ ರೇಣುಕಾಸಾಗರದ್ದು. ಹುಬ್ಬಳ್ಳಿಯ ಕೆಲವು ಕಡೆ ನೀರಸಾಗರದ್ದು. ಶುದ್ಧ ಮಾಡಿ ಕ್ಲೋರಿನ್ ಬೆರೆಸಿಯೇ ಬಿಡುತ್ತಾರೆ, ಬಿಡಲೇಬೇಕು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ನಲ್ಲಿಯ ತುದಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮ್ಮ ಹೊಟ್ಟೆಗೆ ಕೆಟ್ಟ ಬ್ಯಾಕ್ಟೀರಿಯಾ ಬರದ ಹಾಗೆ ಅದು ಮಾಡುವ ಕೆಲಸವನ್ನೇ ನಿಮ್ಮ ಸ್ಪಂಜಿನಲ್ಲೂ ಮಾಡಿತು. ಒಳ್ಳೆಯದು ಕೆಟ್ಟದ್ದು ಅಂತ ಕ್ಲೋರಿನ್‌ಗೆ ಗೊತ್ತಾಗುವುದಿಲ್ಲ. ಅದೇ ನೀರು ಮುಕ್ಕಾಲು ಪಾಲು ಟ್ಯಾಂಕಿಗೂ ಹೋಗಿದೆ, ಮೀನಿನ ಕಿವಿರಿಗೂ ಪೆಟ್ಟಾಗಿರುತ್ತದೆ.

ಈ ಬ್ಯಾಕ್ಟೀರಿಯಾ ಬೆಳೆಯುವುದು ಬಹಳ ನಿಧಾನ. ಹಾಲು ಹೆಪ್ಪಾಗುವ ಹಾಗೆ ರಾತ್ರಿ ಕಳೆಯುವಷ್ಟರಲ್ಲಿ ಆಗುವುದಿಲ್ಲ. ಹೊಸ ಟ್ಯಾಂಕ್ ಸರಿಯಾಗಿ ಕೂಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು ಅನ್ನುವುದು ಇದಕ್ಕೇ.

ಕೇಶ್ವಾಪುರ ಹೊಸಬ | ಶನಿವಾರ, ರಾತ್ರಿ 11:05

ಸರ್, ಒಂದು ಅನುಮಾನ. ನಾನು ಎಂಟು ತಿಂಗಳಿಂದ ಪ್ರತಿ ಭಾನುವಾರ ಸ್ಪಂಜನ್ನು ನಲ್ಲಿಯ ಕೆಳಗೇ ತೊಳೆಯುತ್ತೇನೆ. ಒಂದು ಮೀನೂ ಸತ್ತಿಲ್ಲ. ಇದು ಹೇಗೆ?

ಕೆಮಿಸ್ಟ್ರಿ ಧಾರವಾಡ | ಶನಿವಾರ, ರಾತ್ರಿ 11:12

ನಿಮ್ಮ ಆ ನಲ್ಲಿಗೆ ಬರುವುದು ಕಾರ್ಪೊರೇಷನ್ ನೀರೋ, ಬೋರ್ ನೀರೋ?

ಕೇಶ್ವಾಪುರ ಹೊಸಬ | ಶನಿವಾರ, ರಾತ್ರಿ 11:15

ಅಪಾರ್ಟ್‌ಮೆಂಟಿನ ಬೋರ್.

ಕೆಮಿಸ್ಟ್ರಿ ಧಾರವಾಡ | ಶನಿವಾರ, ರಾತ್ರಿ 11:21

ಹಾಗಾದರೆ ಅದರಲ್ಲಿ ಕ್ಲೋರಿನ್ ಇಲ್ಲ, ಅದಕ್ಕೇ ಉಳಿದಿವೆ. ಆದರೆ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಬೇಸಿಗೆಯಲ್ಲಿ ಬೋರ್ ಇಳಿದಾಗ ಸಂಪಿಗೆ ಟ್ಯಾಂಕರ್ ನೀರು ಬೀಳುತ್ತದೆ, ಸಂಪು ತೊಳೆದಾಗ ಬ್ಲೀಚಿಂಗ್ ಪುಡಿಯೂ ಬೀಳುತ್ತದೆ. ಯಾವತ್ತು ಯಾವ ನೀರು ಅಂತ ನಿಮಗೆ ಯಾರೂ ಹೇಳುವುದಿಲ್ಲ. ಇವತ್ತಿನಿಂದಲೇ ಆ ರೂಢಿ ಬಿಡಿ. ಟ್ಯಾಂಕಿನಿಂದ ತೆಗೆದ ನೀರನ್ನು ಬಕೆಟ್‌ನಲ್ಲಿ ಹಿಡಿದು ಅದರಲ್ಲೇ ಸ್ಪಂಜು ಅದ್ದಿ ಹಿಂಡಿ.

ಗದಗ ಗಪ್ಪಿ | ಭಾನುವಾರ, ಬೆಳಿಗ್ಗೆ 6:50

ಬೋರ್ ನೀರಿನ ಮಾತು ಬಂತು, ಅದಕ್ಕೆ ಬಂದೆ. ನಮ್ಮ ಗದಗ ಕಡೆ ಬೋರ್ ನೀರು ಬಹಳ ಗಡಸು. ಕ್ಲೋರಿನ್ ತೊಂದರೆ ಇಲ್ಲ, ಆದರೆ ಸುಣ್ಣ ಕಟ್ಟುತ್ತದೆ. ಸ್ನಾನದ ಹಂಡೆಗೆ ಕಟ್ಟುವ ಬಿಳಿ ಪೊರೆಯೇ ಫಿಲ್ಟರಿನ ಇಂಪೆಲ್ಲರಿಗೂ, ಅಂದರೆ ಮೋಟರಿನಲ್ಲಿ ತಿರುಗಿ ನೀರು ತಳ್ಳುವ ರೆಕ್ಕೆಗೂ ಕಟ್ಟುತ್ತದೆ. ವಿದ್ಯಾನಗರದವರ ಗರಗರ ಸದ್ದಿಗೆ ನನ್ನ ಅನುಮಾನ ಇಂಪೆಲ್ಲರ್ ಮೇಲೆ. ಆವಿಯಾದ ನೀರಿನ ಜಾಗಕ್ಕೆ ನಡುನಡುವೆ ಬೋರ್ ನೀರು ಹಾಕುತ್ತಿದ್ದಿರಾ?

ಹೊಸ ಫಿಲ್ಟರ್ ತರಬೇಡಿ ಅಣ್ಣಾ. ಈಗಂತೂ ಬೇಡವೇ ಬೇಡ. ಹಳೆ ಫಿಲ್ಟರಿನ ಮೂಲೆಯಲ್ಲಿ ಉಳಿದ ಅಷ್ಟಿಷ್ಟು ಜೀವವೂ ಹೋಗುತ್ತದೆ.

ಪ್ಲಗ್ ತೆಗೆಯಿರಿ. ಮೋಟರ್ ಭಾಗವನ್ನು ಸ್ಪಂಜಿನ ಡಬ್ಬಿಯಿಂದ ಬಿಡಿಸಿ. ಸ್ಪಂಜು ಟ್ಯಾಂಕಿನ ನೀರಿನಲ್ಲೇ ಮುಳುಗಿರಲಿ, ಒಣಗಬಾರದು. ಮೋಟರಿನ ಮುಂದಿನ ಸಣ್ಣ ಮುಚ್ಚಳ ತಿರುಗಿಸಿದರೆ ರೆಕ್ಕೆ ಕಾಣುತ್ತದೆ. ರೆಕ್ಕೆ ಹಿಡಿದು ನೇರ ಎಳೆಯಿರಿ. ಆಯಸ್ಕಾಂತ ಬಿಗಿ ಹಿಡಿದಿರುತ್ತದೆ, ಓರೆಯಾಗಿ ಎಳೆದರೆ ಒಳಗಿನ ಸೆರಾಮಿಕ್ ಕಡ್ಡಿ ಪಟ್ ಅಂತ ಮುರಿಯುತ್ತದೆ. ನಾನು ಎರಡು ಮುರಿದಿದ್ದೇನೆ.

ಹೊರಗೆ ಬಂದ ಮೇಲೆ ನೋಡುವುದು ಇಷ್ಟು. ಆಯಸ್ಕಾಂತದ ಸುತ್ತ ಬಿಳಿ ಪೊರೆ ಅಥವಾ ಜಿಗಟು ಇದೆಯಾ. ಅದು ಕೂರುವ ತೂತಿನಲ್ಲಿ ಮರಳಿನ ಕಾಳು ಇದೆಯಾ. ಕಡ್ಡಿ ನೆಟ್ಟಗಿದೆಯಾ. ಕಡ್ಡಿಯ ಎರಡೂ ತುದಿಗೆ ಮೆಣಸಿನಕಾಳಿನಷ್ಟು ರಬ್ಬರ್ ಬುಶ್ ಇದೆಯಾ. ತೊಳೆಯುವಾಗ ಮೊದಲು ಕಳೆಯುವುದು ಆ ಬುಶ್ಶೇ. ಅದಿಲ್ಲದಿದ್ದರೆ ಕಡ್ಡಿ ಒಂದು ಕಡೆ ಸಡಿಲಾಗಿ ರೆಕ್ಕೆ ಗೋಡೆಗೆ ಬಡಿಯುತ್ತದೆ, ಗರಗರ ಅನ್ನುತ್ತದೆ.

ರೆಕ್ಕೆಯನ್ನು ಆಯಸ್ಕಾಂತದ ಮೇಲೆ ಬೆರಳಿನಿಂದ ತಿರುಗಿಸಿದರೆ ಸ್ವಲ್ಪ ದೂರ ಸಡಿಲ ತಿರುಗಿ ನಿಲ್ಲಬಹುದು. ಅದು ಕೆಟ್ಟಿದ್ದಲ್ಲ. ಮೋಟರ್ ಶುರುವಾಗುವಾಗ ಭಾರ ಒಮ್ಮೆಲೇ ಬೀಳದಿರಲಿ ಅಂತ ಹಾಗೆ ಮಾಡಿರುತ್ತಾರೆ. ಎಷ್ಟೋ ಜನ ಇದನ್ನು ನೋಡಿ ಇಂಪೆಲ್ಲರ್ ಹೋಯಿತು ಅಂತ ಹೊಸದು ತರುತ್ತಾರೆ. ಹಾಗೇ ಈ ಸಣ್ಣ ಮೋಟರುಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಬಹುದು. ಅದೂ ದೋಷ ಅಲ್ಲ.

ಸುಣ್ಣ ಇದ್ದರೆ ರೆಕ್ಕೆಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅರ್ಧ ತಾಸು ನೆನೆಸಿ. ತೂತಿನೊಳಗೂ ಅದನ್ನೇ ತುಂಬಿ, ಹಳೆ ಟೂತ್ ಬ್ರಷ್‌ನಿಂದ ಉಜ್ಜಿ. ಆಮೇಲೆ ಚೆನ್ನಾಗಿ ಗಲಬರಿಸಿ. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಹತ್ತಿರವೂ ತರಬೇಡಿ. ಈ ಮೋಟರ್ ಭಾಗ ಮಾತ್ರ ನಲ್ಲಿ ನೀರಿನಲ್ಲಿ ತೊಳೆದರೂ ನಡೆಯುತ್ತದೆ. ಸ್ಪಂಜು, ರಿಂಗು ಮಾತ್ರ ಬೇಡ.

ನವನಗರ ವೈರ್‌ಮನ್ | ಭಾನುವಾರ, ಬೆಳಿಗ್ಗೆ 7:35

ಗದಗಿನವರು ಪ್ಲಗ್ ತೆಗೆಯಿರಿ ಅಂತ ಒಂದೇ ಸಾಲಿನಲ್ಲಿ ಹೇಳಿದರು, ನಾನು ಅದನ್ನು ಗಟ್ಟಿಯಾಗಿ ಹೇಳುತ್ತೇನೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆ ಮನೆಗಳಲ್ಲಿ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್ ಮೇಲೆ ಇರುವುದನ್ನು ನಾನು ಕೆಲಸದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಸ್ವಿಚ್ ಆಫ್ ಇದ್ದರೂ ವೈರಿನಲ್ಲಿ ಕರೆಂಟ್ ಇರುತ್ತದೆ. ಕೈ ನೀರಿಗೆ ಇಳಿಯುವ ಮೊದಲು ಫಿಲ್ಟರ್, ಹೀಟರ್, ಲೈಟ್ ಮೂರರ ಪ್ಲಗ್ಗೂ ಹೊರಗೆ ಬರಬೇಕು.

ವೈರ್ ಟ್ಯಾಂಕಿನಿಂದ ನೇರ ಪ್ಲಗ್ಗಿಗೆ ಇಳಿಯಬಾರದು. ಪ್ಲಗ್ಗಿಗಿಂತ ಕೆಳಗೆ ಒಂದು ಜೋಲು ಬಿಟ್ಟು ಮೇಲೆ ತನ್ನಿ. ವೈರ್ ಮೇಲೆ ಹರಿದ ನೀರು ಆ ಜೋಲಿನಿಂದ ನೆಲಕ್ಕೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡನ್ನು ಟ್ಯಾಂಕಿನ ಕೆಳಗೆ ನೆಲದ ಮೇಲೆ ಇಡಬೇಡಿ. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಇಲ್ಲದಿದ್ದರೆ ಹಾಕಿಸಿಕೊಳ್ಳಿ. ಮಗಳು ಟ್ಯಾಂಕಿನ ಮುಂದೆಯೇ ಕೂರುತ್ತಾಳೆ ಅಂದಿರಿ, ಅದಕ್ಕೇ ಇಷ್ಟು ಬರೆದೆ.

ವಿದ್ಯಾನಗರ ಟ್ಯಾಂಕ್ | ಭಾನುವಾರ, ಮಧ್ಯಾಹ್ನ 1:20

ಎಲ್ಲರಿಗೂ ಕೈ ಮುಗಿದೆ. ನಾಲ್ಕೂ ಮೀನು ಬದುಕಿವೆ. ಮೇಲೆ ಬರುವುದು ಕಡಿಮೆ ಆಗಿದೆ, ಆದರೆ ರೆಕ್ಕೆ ಮಡಚಿಕೊಂಡು ಒಂದು ಮೂಲೆಯಲ್ಲಿ ನಿಂತಿವೆ.

ಕಿಟ್ ತಂದೆ. ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ ತೋರಿಸುತ್ತಿದೆ. ನೀರಿನ ಹುಳಿ, ಕ್ಷಾರ ಹೇಳುವ ಪಿಎಚ್ 8.

ಫಿಲ್ಟರ್ ಬಿಚ್ಚಿದೆ. ಗದಗಿನ ಅಣ್ಣ ಅಂದಿದ್ದು ಖರೆ. ಕಡ್ಡಿಯ ಮುಂದಿನ ತುದಿಯ ಬುಶ್ ಇಲ್ಲ. ಮನೆಯಲ್ಲೆಲ್ಲಾ ಹುಡುಕಿದೆವು. ಕೊನೆಗೆ ಬಚ್ಚಲಿನ ಜಾಳಿಗೆ ಎತ್ತಿದಾಗ ಕೂದಲಿನ ಜೊತೆ ಸಿಕ್ಕಿತು. ಮಗಳೇ ಕಂಡುಹಿಡಿದಳು. ಆಯಸ್ಕಾಂತದ ತೂತಿನಲ್ಲಿ ಎರಡು ಮರಳಿನ ಕಾಳೂ ಇದ್ದವು. ಹರಳು ತೊಳೆದು ಹಾಕುವಾಗ ಮೋಟರ್ ನಡೆದೇ ಇತ್ತು, ಆಗ ಎಳೆದುಕೊಂಡಿರಬೇಕು. ಬೋರ್ ನೀರೂ ಹಾಕುತ್ತಿದ್ದೆ, ಸುಣ್ಣ ಇತ್ತು. ಮನೆಯಲ್ಲಿ ವಿನೆಗರ್ ಇರಲಿಲ್ಲ, ನಿಂಬೆರಸದಲ್ಲಿ ನೆನೆಸಿದೆ. ಈಗ ಸದ್ದೇ ಇಲ್ಲ.

ಗದಗ ಗಪ್ಪಿ | ಭಾನುವಾರ, ಮಧ್ಯಾಹ್ನ 1:50

ಬಹಳ ಖುಷಿಯಾಯಿತು. ಈಗ ನೀರಿನ ಓಟ ಅಳೆಯಿರಿ. ಫಿಲ್ಟರನ್ನು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿ, ಬಾಯಿಗೆ ತುಂಡು ಪೈಪ್ ಸಿಗಿಸಿ, ಒಂದು ಲೀಟರ್ ಮಗ್ ತುಂಬಲು ಎಷ್ಟು ಸೆಕೆಂಡ್ ಅಂತ ನೋಡಿ. 3600 ಅನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಅಂತ ಬರುತ್ತದೆ. ಬಕೆಟ್ಟಿಗೂ ಟ್ಯಾಂಕಿನ ನೀರನ್ನೇ ತೆಗೆದುಕೊಳ್ಳಿ. ನೀರಿಲ್ಲದೆ ಮೋಟರ್ ಓಡಿಸಬೇಡಿ, ನೀರೇ ಅದಕ್ಕೆ ತಂಪು.

ವಿದ್ಯಾನಗರ ಟ್ಯಾಂಕ್ | ಭಾನುವಾರ, ಮಧ್ಯಾಹ್ನ 2:30

8 ಸೆಕೆಂಡ್. ಅಂದರೆ ಗಂಟೆಗೆ 450 ಲೀಟರ್. ಡಬ್ಬದ ಮೇಲಿನ 800 ಎಲ್ಲಿ ಹೋಯಿತು?

ಗದಗ ಗಪ್ಪಿ | ಭಾನುವಾರ, ಮಧ್ಯಾಹ್ನ 2:41

ಡಬ್ಬದ ಅಂಕಿ ಸ್ಪಂಜಿಲ್ಲದೆ, ನೀರನ್ನು ಮೇಲೆ ಎತ್ತದೆ ಅಳೆದದ್ದು. ಸ್ಪಂಜು ಹಾಕಿದ ಮೇಲೆ ಇಷ್ಟು ಬಂದರೆ ಅದು ಆರೋಗ್ಯವಾಗಿದೆ. ನಿಮ್ಮ ಟ್ಯಾಂಕಿಗೆ ಅಂಚಿನವರೆಗೆ ತುಂಬಿದರೆ 127 ಲೀಟರ್, ಹರಳು ಕಳೆದು 110 ಅನ್ನೋಣ. ಗಂಟೆಗೆ ನಾಲ್ಕೈದು ಸಲ ಪೂರ್ತಿ ನೀರು ಫಿಲ್ಟರಿನಿಂದ ಹಾದು ಬರಬೇಕು ಅನ್ನುವುದು ನಾವು ಇಟ್ಟುಕೊಂಡ ಲೆಕ್ಕ. ನಿಮ್ಮದು ನಾಲ್ಕು ಸಲ. ಗೋಲ್ಡ್ ಫಿಶ್ ಜಾಸ್ತಿ ಹೊಲಸು ಮಾಡುವ ಮೀನು, ಅದಕ್ಕೆ ಜೊತೆಗೊಂದು ಗಾಳಿಯ ಸ್ಪಂಜ್ ಫಿಲ್ಟರ್ ಇದ್ದರೆ ಒಳ್ಳೆಯದು. ನಾನು ಗಪ್ಪಿ ಸಾಕುವ ಎಲ್ಲಾ ತೊಟ್ಟಿಗಳಲ್ಲಿ ಅದೇ ಇದೆ. ಕೆಡುವ ಭಾಗ ಏರ್ ಪಂಪಿನ ರಬ್ಬರ್ ಪೊರೆ ಒಂದೇ. ಮರಿಗಳನ್ನು ಎಳೆದುಕೊಳ್ಳುವುದೂ ಇಲ್ಲ.

ಈ 8 ಸೆಕೆಂಡ್ ಅನ್ನು ಎಲ್ಲಾದರೂ ಬರೆದಿಡಿ. ಮುಂದೆ 14, 15 ಆದ ದಿನ ಸ್ಪಂಜು ತೊಳೆಯುವ ದಿನ. ಕ್ಯಾಲೆಂಡರ್ ನೋಡಿ ತೊಳೆಯಬೇಡಿ.

ಕೆಮಿಸ್ಟ್ರಿ ಧಾರವಾಡ | ಭಾನುವಾರ, ಸಂಜೆ 4:15

ಅಮೋನಿಯಾ 2, ಪಿಎಚ್ 8. ಇದು ಚಿಂತೆಯ ಜೋಡಿ. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಸ್ವಲ್ಪ ಪಾಲು ಮಾತ್ರ ನಿಜವಾಗಿ ಕಿವಿರು ಸುಡುತ್ತದೆ. ಪಿಎಚ್ 7 ಇದ್ದಾಗಿನ ಪಾಲು 8 ಆದಾಗ ಸುಮಾರು ಹತ್ತು ಪಟ್ಟಾಗುತ್ತದೆ. ನೀರು ಬಿಸಿಯಾದಷ್ಟೂ ಇನ್ನೂ ಏರುತ್ತದೆ. ಪಿಎಚ್ ಇಳಿಸಲು ನಿಂಬೆರಸ, ವಿನೆಗರ್ ಟ್ಯಾಂಕಿಗೆ ಹಾಕುವ ಯೋಚನೆ ಮಾತ್ರ ಮಾಡಬೇಡಿ. ಪಿಎಚ್ ಏರಿಳಿದರೆ ಮೀನಿಗೆ ಇನ್ನೊಂದು ಪೆಟ್ಟು. ದಿನಾ ಕಾಲುಭಾಗ ನೀರು ಬದಲಿಸಿ, ದಿನಾ ಅಳೆಯಿರಿ. ಬೇರೆ ಔಷಧ ಬೇಡ.

ಕೇಶ್ವಾಪುರ ಹೊಸಬ | ಭಾನುವಾರ, ಸಂಜೆ 5:00

ಫಿಲ್ಟರಿನಲ್ಲಿ ಕಪ್ಪು ಇದ್ದಿಲು ಹಾಕಿದರೆ ಅಮೋನಿಯಾ ಹೀರುತ್ತದೆ ಅಂತಾರಲ್ಲ?

ಸಾಧನಕೇರಿ ಕಾಕಾ | ಭಾನುವಾರ, ಸಂಜೆ 5:20

ಇಲ್ಲ ತಮ್ಮಾ. ಇದ್ದಿಲು ಬಣ್ಣ, ವಾಸನೆ, ಉಳಿದ ಔಷಧ ಹೀರುತ್ತದೆ. ಅಮೋನಿಯಾ ಅದಕ್ಕೆ ಸಿಗುವುದಿಲ್ಲ. ಕೆಲವು ವಾರಕ್ಕೆ ಅದರ ಶಕ್ತಿ ಮುಗಿಯುತ್ತದೆ. ಮೀನಿಗೆ ಔಷಧ ಹಾಕುವಾಗ ಇದ್ದಿಲು ತೆಗೆಯಲೇಬೇಕು, ಇಲ್ಲವಾದರೆ ಔಷಧವನ್ನೇ ಹೀರುತ್ತದೆ. ಅಮೋನಿಯಾ ಹೀರುವುದು ಜಿಯೋಲೈಟ್ ಕಲ್ಲು. ಆದರೆ ಟ್ಯಾಂಕಿಗೆ ಉಪ್ಪು ಹಾಕಿದರೆ ಅದು ಹಿಡಿದದ್ದನ್ನು ಮತ್ತೆ ಬಿಡುತ್ತದೆ. ಎರಡನ್ನೂ ಕೂಡಿಸಬಾರದು.

ಹಾವೇರಿ ಏಂಜೆಲ್ | ಭಾನುವಾರ, ರಾತ್ರಿ 8:45

ನಾನು ಏಂಜೆಲ್ ಮೀನು ಸಾಕುತ್ತೇನೆ, ಹೊರಗೆ ಇಡುವ ಕ್ಯಾನಿಸ್ಟರ್ ಫಿಲ್ಟರ್. ನಲ್ಲಿ ನೀರಿನ ತಪ್ಪು ನಾನು ಮಾಡಿಲ್ಲ, ಆದರೆ ಫಿಲ್ಟರಿನ ಜೀವ ಹೋಗುವ ಇನ್ನೊಂದು ದಾರಿ ಇದೆ. ಬೇಸಿಗೆಯಲ್ಲಿ ನಮಗೆಲ್ಲಾ ಅದು ಎದುರಾಗುತ್ತದೆ, ಅದಕ್ಕೆ ಹೇಳುತ್ತೇನೆ.

ಹೋದ ವರ್ಷ ಮೇ ತಿಂಗಳಲ್ಲಿ ಗಾಳಿ ಮಳೆಗೆ ಮರ ಬಿದ್ದು ನಮ್ಮಲ್ಲಿ ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಮೀನು ರಾತ್ರಿ ಚೆನ್ನಾಗಿಯೇ ಇದ್ದವು. ಬೆಳಿಗ್ಗೆ ಆರಕ್ಕೆ ಕರೆಂಟ್ ಬಂತು, ಫಿಲ್ಟರ್ ತಾನೇ ಶುರುವಾಯಿತು. ನಾನು ಚಹಾ ಕುಡಿಯುತ್ತಾ ನೆಮ್ಮದಿಯಿಂದ ಕೂತಿದ್ದೆ. ಹತ್ತು ಗಂಟೆಯೊಳಗೆ ಆರು ಮೀನು ಹೋದವು. ಜೋಡಿ ಕೂಡಿ ಮೊಟ್ಟೆ ಇಟ್ಟ ಎರಡೂ ಅದರಲ್ಲಿ ಇದ್ದವು. ಈಗಲೂ ಆ ಬೆಳಗು ನೆನಪಾದರೆ ಸಂಕಟ ಆಗುತ್ತದೆ.

ಆಗಿದ್ದು ಇಷ್ಟು. ಡಬ್ಬಿ ಮುಚ್ಚಿದೆ, ನೀರು ಓಡುತ್ತಿಲ್ಲ. ಒಳಗಿನ ಬ್ಯಾಕ್ಟೀರಿಯಾ ಇದ್ದ ಆಮ್ಲಜನಕವನ್ನೆಲ್ಲಾ ಕೆಲವೇ ತಾಸಿನಲ್ಲಿ ಮುಗಿಸುತ್ತವೆ. ಆಮೇಲೆ ಅವು ಸಾಯಲು ಶುರು, ಒಳಗಿನ ರಾಡಿ ಕೊಳೆಯಲು ಶುರು. ಕರೆಂಟ್ ಬಂದ ಕ್ಷಣ ಆ ಕೊಳೆತ ನೀರೆಲ್ಲಾ ಒಮ್ಮೆಲೇ ಟ್ಯಾಂಕಿಗೆ ಬಂತು. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ.

ಈಗ ಕರೆಂಟ್ ಹೋದರೆ ಮೊದಲು ಫಿಲ್ಟರ್ ಪ್ಲಗ್ ತೆಗೆದುಬಿಡುತ್ತೇನೆ, ತಾನೇ ಶುರುವಾಗಬಾರದು ಅಂತ. ಒಂದೆರಡು ತಾಸು ಆದರೆ ಚಿಂತೆ ಇಲ್ಲ. ಅದಕ್ಕಿಂತ ಜಾಸ್ತಿ ಅನ್ನಿಸಿದರೆ ಕ್ಯಾನಿಸ್ಟರ್ ಬಿಚ್ಚಿ ಸ್ಪಂಜು, ರಿಂಗುಗಳನ್ನು ಟ್ಯಾಂಕಿನ ನೀರಿದ್ದ ಅಗಲದ ಟಬ್ಬಿನಲ್ಲಿ ಹರಡುತ್ತೇನೆ, ಗಾಳಿ ತಾಗಲಿ ಅಂತ. ಟ್ಯಾಂಕಿಗೆ ಯುಎಸ್‌ಬಿ ಏರ್ ಪಂಪ್, ಪವರ್ ಬ್ಯಾಂಕ್ ಮೇಲೆ. ಕರೆಂಟ್ ಬಂದ ಮೇಲೆ ಡಬ್ಬಿಯ ಹಳೆ ನೀರು ಚೆಲ್ಲಿ, ಗಿಡಕ್ಕೆ ಹಾಕಿ, ಹೊಸದಾಗಿ ತುಂಬಿ ಹಚ್ಚುತ್ತೇನೆ. ಒಳಗಿನ ಫಿಲ್ಟರ್ ಇದ್ದವರಿಗೆ ಇಷ್ಟು ತೊಂದರೆ ಇಲ್ಲ, ಆದರೂ ರಾತ್ರಿಯಿಡೀ ಹೋಗಿದ್ದರೆ ಒಮ್ಮೆ ಸ್ಪಂಜು ಅದ್ದಿ ತೆಗೆದೇ ಹಚ್ಚಿ. ಪಕ್ಕಕ್ಕೆ ತೂಗುಹಾಕುವ ಫಿಲ್ಟರ್ ಇದ್ದವರು ಕರೆಂಟ್ ಬಂದ ಮೇಲೆ ನೀರು ಬೀಳುತ್ತಿದೆಯಾ ಅಂತ ನೋಡಲೇಬೇಕು. ಒಳಗಿನ ನೀರು ಇಳಿದಿದ್ದರೆ ಮೋಟರ್ ಬರೀ ಗುಂಯ್ ಅನ್ನುತ್ತಿರುತ್ತದೆ, ಎತ್ತುವುದಿಲ್ಲ. ಒಂದು ಮಗ್ ನೀರು ಸುರಿದರೆ ಹಿಡಿದುಕೊಳ್ಳುತ್ತದೆ.

ಸಾಧನಕೇರಿ ಕಾಕಾ | ಭಾನುವಾರ, ರಾತ್ರಿ 9:30

ಅಕ್ಕಾವರು ಹೇಳಿದ್ದು ಎಲ್ಲರೂ ಬರೆದಿಟ್ಟುಕೊಳ್ಳುವ ಮಾತು. ಆ ಜೋಡಿ ಹೋದದ್ದಕ್ಕೆ ನನಗೂ ನೋವಾಯಿತು.

ವಿದ್ಯಾನಗರದ ತಮ್ಮಾ, ನನ್ನ ಮನೆಯಲ್ಲಿ ಒಂದು ಸ್ಪಂಜ್ ಫಿಲ್ಟರ್ ವರ್ಷದ ಮೇಲೆ ನಡೆದಿದೆ. ಆ ಟ್ಯಾಂಕಿನಲ್ಲಿ ಆರು ತಿಂಗಳಿಂದ ಹೊಸ ಮೀನು ಹಾಕಿಲ್ಲ, ರೋಗ ಬಂದಿಲ್ಲ. ರೋಗ ಇರುವ ಟ್ಯಾಂಕಿನ ಸ್ಪಂಜು ಯಾರಿಂದಲೂ ತರಬಾರದು, ಅದಕ್ಕೆ ಇದನ್ನು ಹೇಳಿದೆ. ನಾಳೆ ಬೆಳಿಗ್ಗೆ ಧಾರವಾಡದ ಜುಬಿಲಿ ಸರ್ಕಲ್‌ನಿಂದ ಚಿಗರಿ ಬಸ್ ಹತ್ತಿ ಬರುತ್ತೇನೆ. ಸ್ಪಂಜು ಒದ್ದೆಯಾಗಿ ಚೀಲದಲ್ಲಿ, ಅರ್ಧ ಗಾಳಿ ತುಂಬಿ. ನಿಮ್ಮ ನಿಲ್ದಾಣದಲ್ಲಿ ಬಂದು ಇಸಿದುಕೋ. ಅರ್ಧ ಕತ್ತರಿಸಿ ನಿನ್ನ ಫಿಲ್ಟರಿನ ಒಳಗೆ ತುರುಕು. ಉಳಿದದ್ದನ್ನು ಟ್ಯಾಂಕಿನಲ್ಲೇ ಹಿಂಡು. ಒಂದು ದಿನ ನೀರು ಕಂದಾಗಿ ಕಾಣುತ್ತದೆ, ಹೆದರಬೇಡ.

ವಿದ್ಯಾನಗರ ಟ್ಯಾಂಕ್ | ಸೋಮವಾರ, ಮಧ್ಯಾಹ್ನ 12:10

ಕಾಕಾ ಬಂದಿದ್ದರು. ಹೆಪ್ಪು ಹಾಕಲು ಮೊಸರು ಕೊಟ್ಟು ಕಳಿಸುವ ಹಾಗೆ ಸ್ಪಂಜು ಕೊಟ್ಟರು. ಎಷ್ಟು ಕರೆದರೂ ಮನೆಗೆ ಬರದೆ ಅದೇ ಬಸ್ಸಿನ ದಾರಿ ಹಿಡಿದು ವಾಪಸ್ ಹೋದರು. ಇದನ್ನು ನಾನು ಮರೆಯುವುದಿಲ್ಲ.

ಸ್ಪಂಜು ಹಾಕಿದೆ. ಇವತ್ತಿನ ಅಮೋನಿಯಾ 1.

ಕೆಮಿಸ್ಟ್ರಿ ಧಾರವಾಡ | ಸೋಮವಾರ, ರಾತ್ರಿ 8:00

ಇನ್ನು ಮೂರ್ನಾಲ್ಕು ದಿನದಲ್ಲಿ ಅಮೋನಿಯಾ ಇಳಿಯುತ್ತಾ ನೈಟ್ರೈಟ್ ಏರಬಹುದು. ಅದು ರಕ್ತದಲ್ಲಿ ಆಮ್ಲಜನಕ ಹೊರುವ ಕೆಲಸವನ್ನೇ ಕೆಡಿಸುತ್ತದೆ. ನೈಟ್ರೈಟ್ ಕಂಡರೆ ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿ, ಒಂದೇ ಸಲ ಅಲ್ಲ, ದಿನವಿಡೀ ಸ್ವಲ್ಪ ಸ್ವಲ್ಪ ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ನಿಮಗೆ 110 ಗ್ರಾಂ ಸಾಕು. ಆಮೇಲೆ ನೀರು ಬದಲಿಸುವಾಗ ಬದಲಿಸಿದ ನೀರಿನಷ್ಟಕ್ಕೆ ಮಾತ್ರ ಸೇರಿಸಿ.

ವಿದ್ಯಾನಗರ ಟ್ಯಾಂಕ್ | ಬುಧವಾರ, ರಾತ್ರಿ 10:15

ಇವತ್ತು ನೀರು ಬಂತು. ಫಿಲ್ಟರ್ ಮುಟ್ಟಲಿಲ್ಲ. ಅಮೋನಿಯಾ 0.5, ನೈಟ್ರೈಟ್ 0.5 ಕಾಣಿಸಿತು. ಉಪ್ಪು ಹಾಕಿದೆ. ಮೀನು ಮೂಲೆ ಬಿಟ್ಟು ಓಡಾಡುತ್ತಿವೆ.

ಒಂದು ಪ್ರಶ್ನೆ ಉಳಿದಿದೆ. ನಮ್ಮಲ್ಲಿ ಆರು ದಿನಕ್ಕೊಮ್ಮೆ ನೀರು. ಟ್ಯಾಂಕ್ ಕೆಲಸ ನೀರು ಬಂದ ದಿನವೇ ಮಾಡದೆ ಇನ್ಯಾವಾಗ ಮಾಡುವುದು?

ಸಾಧನಕೇರಿ ಕಾಕಾ | ಬುಧವಾರ, ರಾತ್ರಿ 10:50

ಇದೇ ಮೂಲ ಪ್ರಶ್ನೆ ತಮ್ಮಾ. ನಾನು ಎಷ್ಟೋ ವರ್ಷ ಇದರಲ್ಲಿ ಸೋತು ಆಮೇಲೆ ಕಲಿತೆ. ನೀರು ಬರುವ ದಿನ ಮೀನಿಗೆ ನೀರು ಹಿಡಿಯುವ ದಿನ ಮಾತ್ರ. ಟ್ಯಾಂಕಿನ ಕೆಲಸ ಅದರ ಹಿಂದಿನ ದಿನ.

ಮೀನಿಗೇ ಅಂತ 50 ಲೀಟರ್ ಡ್ರಮ್ ಒಂದು ಇಡು. ಬಟ್ಟೆ ನೆನೆಸಿದ್ದು, ಸೋಪು ತಾಗಿದ್ದು ಬೇಡ, ಹೊಸದೇ ಇರಲಿ. ನೀರು ಬಂದ ದಿನ ಅದನ್ನು ತುಂಬಿ ಬಟ್ಟೆ ಕಟ್ಟಿ ಇಡು, ಸೊಳ್ಳೆ ಮೊಟ್ಟೆ ಇಡಬಾರದು. ಐದು ದಿನ ನಿಂತ ನೀರಿನಲ್ಲಿ ಕ್ಲೋರಿನ್ ಹೋಗಿರುತ್ತದೆ, ಬಿಸಿಯೂ ಟ್ಯಾಂಕಿನಷ್ಟೇ ಆಗಿರುತ್ತದೆ. ಮತ್ತೆ ನೀರು ಬರುವ ಹಿಂದಿನ ಸಂಜೆ ಟ್ಯಾಂಕಿನಿಂದ ಎರಡು ಬಕೆಟ್ ಪೈಪಿನಲ್ಲಿ ಎಳೆ. ಸ್ಪಂಜು ತೊಳೆಯುವ ಸರದಿ ಇದ್ದರೆ ಮೊದಲನೇ ಬಕೆಟ್ಟಿನಲ್ಲಿ ನಾಲ್ಕೈದು ಸಲ ಹಿಂಡು. ಕಂದು ಬಣ್ಣ ಪೂರ್ತಿ ಹೋಗುವುದು ಬೇಡ, ನೀರು ಸರಾಗ ಹಾದರೆ ಸಾಕು. ಸ್ಪಂಜು ಒಂದು ಸಲ, ರಿಂಗು ಇನ್ನೊಂದು ತಿಂಗಳು. ಎರಡೂ ಒಂದೇ ದಿನ ಬೇಡ. ಹರಳು ತೊಳೆದ ವಾರ ಫಿಲ್ಟರ್ ಮುಟ್ಟಬೇಡ. ರಾಡಿ ನೀರು ಕರಿಬೇವಿಗೆ ಹಾಕು, ಉಪ್ಪು ಹಾಕಿದ ವಾರ ಮಾತ್ರ ಬೇಡ. ಡ್ರಮ್ಮಿನ ನೀರು ಟ್ಯಾಂಕಿಗೆ ಹೋಯಿತು, ಡ್ರಮ್ ಖಾಲಿಯಾಯಿತು, ಮರುದಿನ ನಲ್ಲಿ ಬಂತು. ಹೀಗೆ ತಾನೇ ಕೂಡಿಕೊಳ್ಳುತ್ತದೆ.

ನೀರು ಒಂದು ದಿನ ತಡವಾದರೂ ಚಿಂತೆ ಇಲ್ಲ. ಸ್ಪಂಜು ಇನ್ನೊಂದು ವಾರ ಹೊಲಸಿದ್ದರೆ ಮೀನಿಗೆ ಏನೂ ಆಗುವುದಿಲ್ಲ.

ಗದಗ ಗಪ್ಪಿ | ಗುರುವಾರ, ಬೆಳಿಗ್ಗೆ 7:05

ಡ್ರಮ್ಮಿಗೆ ಸೊಳ್ಳೆಯ ಚಿಂತೆ ಇದ್ದರೆ ಒಂದೆರಡು ಗಪ್ಪಿ ಬಿಡಿ ಕಾಕಾ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರೇ ಬಾವಿ, ತೊಟ್ಟಿಗಳಿಗೆ ಗಪ್ಪಿ ಬಿಡುತ್ತಾರಲ್ಲ. ಆದರೆ ನೀರು ತುಂಬಿದ ಎರಡು ದಿನದ ಮೇಲೆ ಬಿಡಬೇಕು.

ಕೇಶ್ವಾಪುರ ಹೊಸಬ | ಶುಕ್ರವಾರ, ಸಂಜೆ 6:30

ಈ ಭಾನುವಾರದಿಂದ ನಾನೂ ಬಕೆಟ್‌ನಲ್ಲೇ. ಇವತ್ತು ವಾಚ್‌ಮನ್‌ರನ್ನು ಕೇಳಿದೆ. ಹೋದ ವಾರ ಎರಡು ಸಲ ಟ್ಯಾಂಕರ್ ನೀರು ಬಿದ್ದಿದೆಯಂತೆ. ನನಗೆ ಗೊತ್ತೇ ಇರಲಿಲ್ಲ.

ವಿದ್ಯಾನಗರ ಟ್ಯಾಂಕ್ | ಸೋಮವಾರ, ರಾತ್ರಿ 9:00

ಅಮೋನಿಯಾ 0. ನೈಟ್ರೈಟ್ 0.25. ನೀರು ತಿಳಿಯಾಗಿದೆ. ಇವತ್ತು ಮೊದಲ ಸಲ ನಾಲ್ಕಕ್ಕೂ ಸ್ವಲ್ಪ ಊಟ ಹಾಕಿದೆ, ಎರಡು ನಿಮಿಷದಲ್ಲಿ ಮುಗಿಸಿದವು.

ನಾಳೆ ನೀರು ಬರುವ ದಿನ. ಸಂಜೆ ಎರಡು ಬಕೆಟ್ ಎಳೆದು ಡ್ರಮ್ಮಿನ ನೀರು ಹಾಕಿದೆ. ಮಗ್ ಅಳತೆ 9 ಸೆಕೆಂಡ್ ಬಂತು, ಅದಕ್ಕೆ ಸ್ಪಂಜು ಬಿಚ್ಚಲಿಲ್ಲ. ಮಗಳು ಡ್ರಮ್ಮಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಮೀನಿನ ನೀರು, ಬಟ್ಟೆಗೆ ತೆಗೆಯಬಾರದು’ ಅಂತ ಬರೆದು ಅಂಟಿಸಿದ್ದಾಳೆ.